ಸಂಪಂಗಿ ಕೆರೆಯ ಅಂಗಳದಲ್ಲಿ ಬೇವು-ಬೆಲ್ಲ

ಬೆಂಗಳೂರಿನ ಕಬ್ಬನ್ ಉದ್ಯಾನದ ಮರಗಳ ನೆರಳನ್ನು ದಾಟಿ ಕಸ್ತೂರಬಾ ರಸ್ತೆಯಲ್ಲಿ ಕೊಂಚ ದೂರ ನಡೆದರೆ ಶ್ರೀ ಕಂಠೀರವ ಕ್ರೀಡಾಂಗಣದ ದೀಪಸ್ತಂಭಗಳು ಕಣ್ಣಿಗೆ ಬೀಳುತ್ತವೆ. ಈಗ ಕ್ರೀಡಾಂಗಣವಿರುವ ನೆಲ ಒಂದು ಕಾಲಕ್ಕೆ ನೀರಿನ ನೆಲೆಯಾಗಿತ್ತು. ಸಂಪಂಗಿ ಕೆರೆಯೆಂದು ಅದರ ಹೆಸರು. ನಗರವು ಬೆಳೆದಂತೆ ಕೆರೆ ಬತ್ತಿತು. ಅದರ ಅಂಗಳವೇ ಆಟದ ಬಯಲಾಯಿತು. ಕೆರೆಯ ಗುರುತಾಗಿ ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಚೈತ್ರಮಾಸದಲ್ಲಿ ಬೆಂಗಳೂರು ಕರಗದ ವಿಧಿಗಳು ಇಂದಿಗೂ ಆ ಕೊಳವನ್ನು ಮರೆತಿಲ್ಲ.

ಕ್ರೀಡಾಂಗಣದ ಇಂದಿನ ರೂಪಕ್ಕೆ 1997ರ ರಾಷ್ಟ್ರೀಯ ಕ್ರೀಡಾಕೂಟ ಕಾರಣ. ಓಟದ ಪಂದ್ಯಗಳಿಗೆಂದು ಹಾಸಿದ ಕೆಂಪು ಹಾದಿ ಮೈದಾನವನ್ನು ಸುತ್ತುವರಿದಿದೆ. ಆದುದರಿಂದ ಇಲ್ಲಿ ಕಾಲ್ಚೆಂಡಾಟವನ್ನು ನೋಡುವವನಿಗೂ ಆಡುವವನಿಗೂ ನಡುವೆ ಹತ್ತಾರು ಮಾರುಗಳ ಅಂತರ. ಆಟಗಾರನ ಮುಖಭಾವ ಗ್ಯಾಲರಿಯವರಿಗೆ ಸರಿಯಾಗಿ ಕಾಣುವುದಿಲ್ಲ. ಗ್ಯಾಲರಿಯ ಮಾತು ಆಟಗಾರನಿಗೆ ಮುಟ್ಟಬೇಕಾದರೆ ಕೂಗಿಯೇ ಮುಟ್ಟಿಸಬೇಕು. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷವೂ ನಿಂತೇ ಇದ್ದು, ಡೋಲಿನ ತಾಳಕ್ಕೆ ಹಾಡುತ್ತ ಕೂಗುತ್ತ ಇರುವ ಗುಂಪು ಈ ಅಂತರವನ್ನು ಕಂಠಬಲದಿಂದಲೇ ತುಂಬುವ ವ್ರತವನ್ನು ತೊಟ್ಟಂತಿದೆ. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬುದು ಆ ಗುಂಪಿನ ಹೆಸರು. ಅವರ ತಂಡ ಬೆಂಗಳೂರು ಫುಟ್‌ಬಾಲ್ ಕ್ಲಬ್. ಎಲ್ಲರ ಬಾಯಲ್ಲೂ ಬಿ.ಎಫ್.ಸಿ.

ಕಂಠೀರವವೆಂದರೆ ಸಿಂಹ. ಸಿಂಹದ ಹೆಸರಿನ ಈ ಅಂಗಳದಲ್ಲಿ ಗರ್ಜನೆಯೂ ನಡೆದಿದೆ, ನಿಟ್ಟುಸಿರೂ ಕೇಳಿದೆ. ಅಭಿಮಾನಿಯೊಬ್ಬನ ಎದೆ ಒಂದೇ ವರ್ಷದಲ್ಲಿ ಎಷ್ಟು ಏರಬಲ್ಲದು, ಎಷ್ಟು ಇಳಿಯಬಲ್ಲದು ಎಂಬುದನ್ನು ತಿಳಿಯಬೇಕಾದರೆ 2022ರ ಸೆಪ್ಟೆಂಬರಿನಿಂದ 2023ರ ಏಪ್ರಿಲ್‌ವರೆಗಿನ ಆಟದ ಋತುವಿನ ಕಥೆಯನ್ನು ನೋಡಬೇಕು.

ಆಟಗಾರರಿದ್ದರು, ತಂಡವಿರಲಿಲ್ಲ

ಬೆಂಗಳೂರಿಗೆ ಕಾಲ್ಚೆಂಡು ಹೊಸದಲ್ಲ. ದಂಡಿನ ಪ್ರದೇಶದ ಬಿಳಿಯ ಸಿಪಾಯಿಗಳು ತಂದ ಆಟವನ್ನು ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರಗಳ ಹುಡುಗರು ತಮ್ಮದನ್ನಾಗಿ ಮಾಡಿಕೊಂಡರು. 1937ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಯಾವ ಭಾರತೀಯ ತಂಡಕ್ಕೂ ಒಲಿದಿರಲಿಲ್ಲ. ಮರುವರ್ಷವೂ ಅದೇ ತಂಡ ಗೆದ್ದಿತು. ಸ್ವತಂತ್ರ ಭಾರತವು 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಕಳುಹಿಸಿದ ತಂಡ ಫ್ರಾನ್ಸಿನೆದುರು 2-1ರಿಂದ ಸೋತಿತಾದರೂ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ.

ಆದರೆ ಹೊಟ್ಟೆಪಾಡು ಆಟಗಾರನನ್ನು ಊರಿನಲ್ಲಿ ಉಳಿಯಗೊಡಲಿಲ್ಲ. ಅಹಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲಿನ ಕಣ್ಮಣಿಯಾದರು. 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಮೋಹನ್ ಬಗಾನಿನ ಅಂಗಿ ತೊಟ್ಟರು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟು ಬಹುಕಾಲ ಆಟವನ್ನು ಉಳಿಸಿದುವು. ಆದರೂ ಊರಿಗೆ ಊರೇ 'ಇದು ನಮ್ಮದು' ಎಂದು ಹಿಂದೆ ಬೀಳುವಂಥ ತಂಡ ಬಹುಕಾಲ ಹುಟ್ಟಲಿಲ್ಲ. ಮಗ ಪರಸ್ಥಳದಲ್ಲಿ ಹೆಸರು ಗಳಿಸಿದನೆಂದು ಪತ್ರಿಕೆಯಲ್ಲಿ ಓದಿ ಹಿಗ್ಗುವ ತಾಯಿಯಂತೆ ಬೆಂಗಳೂರು ದೂರದಿಂದಲೇ ಸಂತೋಷಪಟ್ಟಿತು.

2013ರಲ್ಲಿ ಈ ಕೊರತೆ ನೀಗಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆ.ಎಸ್.ಡಬ್ಲ್ಯು. ಸಮೂಹವು ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಋತುವನ್ನಾಡಿದ ಈ ಕೂಸು ಆ ಋತುವಿನಲ್ಲೇ ರಾಷ್ಟ್ರದ ಐ-ಲೀಗ್ ಪಟ್ಟವನ್ನು ಗೆದ್ದು ಹಳಬರನ್ನು ಬೆರಗುಗೊಳಿಸಿತು. 2014ರ ಏಪ್ರಿಲ್‌ನಲ್ಲಿ ಪಟ್ಟ ಖಚಿತವಾದುದು ಗೋವೆಯ ಮಡಗಾಂವಿಗೆ ಸೇರಿದ ಫತೋರ್ಡಾ ಕ್ರೀಡಾಂಗಣದಲ್ಲಿ. ಫತೋರ್ಡಾ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮತ್ತೊಮ್ಮೆ ಬರುತ್ತದೆ.

ಅನಂತರ ತಂಡ ಕಂಠೀರವಕ್ಕೆ ಬಂದಿತು. ಸುಖದುಃಖಗಳೂ ಜೊತೆಯಲ್ಲೇ ಬಂದುವು. 2015ರ ಮೇ 31ರಂದು ಪಟ್ಟ ಇನ್ನೇನು ಕೈಸೇರಿತೆನ್ನುವಾಗ 87ನೆಯ ನಿಮಿಷದಲ್ಲಿ ಮೋಹನ್ ಬಗಾನ್ ಗೋಲು ಹೊಡೆದು ಪಂದ್ಯವನ್ನು ಸಮಮಾಡಿ, ಪಟ್ಟವನ್ನು ಕಲ್ಕತ್ತೆಗೆ ಒಯ್ದಿತು. 2016ರಲ್ಲಿ ಪಟ್ಟ ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಲೇಷ್ಯದ ಜೊಹೋರ್ ತಂಡವನ್ನು ಇಲ್ಲಿಯೇ 3-1ರಿಂದ ಮಣಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ತಂಡವೆಂಬ ಹೆಸರನ್ನು ಪಡೆಯಿತು. ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ತನ್ನದೇ ಅಂಗಳದಲ್ಲಿ ನಡೆದಾಗ ಚೆನ್ನೈಯಿನ್ ತಂಡಕ್ಕೆ 3-2ರಿಂದ ಶರಣಾಯಿತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಅದೇ ಮಾರ್ಚ್ 17ರಂದು, ಮುಂಬಯಿಯಲ್ಲಿ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಗೋವಾ ತಂಡವನ್ನು ಸೋಲಿಸಿ ಆ ಕಪ್ಪನ್ನು ತಂದುಕೊಟ್ಟಿತು. ಅಭಿಮಾನಿಗಳ ಪಂಚಾಂಗದಲ್ಲಿ ಒಂದೇ ತಿಥಿಗೆ ಶ್ರಾದ್ಧವೂ ಹಬ್ಬವೂ ಕೂಡಿಬಂದುವು.

ಮೌನದ ಎರಡು ವರ್ಷ

2020ರ ಮಾರ್ಚಿನಲ್ಲಿ ಮಹಾಮಾರಿ ಎಲ್ಲವನ್ನೂ ನಿಲ್ಲಿಸಿತು. ಮುಂದಿನ ಎರಡು ಋತುಗಳ ಲೀಗ್ ಪಂದ್ಯಗಳೆಲ್ಲ ಗೋವೆಯಲ್ಲಿ, ಮುಚ್ಚಿದ ಬಾಗಿಲುಗಳ ಹಿಂದೆ ನಡೆದುವು. ಆಟಗಾರರು ಪರಸ್ಪರ ಕೂಗಿಕೊಳ್ಳುವ ಸದ್ದು, ಚೆಂಡನ್ನು ಒದೆಯುವ ಸದ್ದು, ಖಾಲಿ ಕುರ್ಚಿಗಳಿಗೆ ಬಡಿದು ಮರಳುವ ಸೀಟಿಯ ಸದ್ದು - ದೂರದರ್ಶನದ ಮುಂದೆ ಕುಳಿತ ಅಭಿಮಾನಿಗೆ ಕೇಳಿಸಿದ್ದು ಇಷ್ಟೇ. ಆ ಎರಡು ಋತುಗಳಲ್ಲಿ ತಂಡವೂ ಸೊರಗಿತು. ಗೆದ್ದಾಗ ತಬ್ಬಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸೋತಾಗ ಬಯ್ಯಲು ಜೊತೆಯಿರಲಿಲ್ಲ. ಕ್ಲಬ್ಬಿಗೆ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಕಲ್ಕತ್ತೆಯ ಕ್ಲಬ್ಬುಗಳಿಗಾದರೆ ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರಿನ ಬೇರಿತ್ತು. ಬೆಂಗಳೂರಿನ ಈ ಎಳೆಯ ಗಿಡ ಎರಡು ವರ್ಷದ ಬರವನ್ನು ತಾಳಿಕೊಂಡೀತೇ? ಜನ ಮರಳಿ ಬಂದಾರೇ? ಪಶ್ಚಿಮದ ಗ್ಯಾಲರಿಯವರ ನಿಜವಾದ ಆತಂಕ ಇದಾಗಿತ್ತು.

2022ರಲ್ಲಿ ಬಾಗಿಲು ತೆರೆಯಿತು. ಆಂಗ್ಲ ತರಬೇತುದಾರ ಸೈಮನ್ ಗ್ರೇಸನ್ ಬಂದರು. ಫಿಜಿ ದ್ವೀಪದ ರಾಯ್ ಕೃಷ್ಣ, ಸ್ಪೇನಿನ ಹಾವಿ ಹೆರ್ನಾಂಡೆಸ್, ಚಂಡೀಗಢದ ಸಂದೇಶ್ ಝಿಂಗನ್ ಸೇರಿದರು. ಬ್ರೆಜಿಲ್ಲಿನ ಅಲನ್ ಕೋಸ್ಟಾ, ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಮೊದಲಿನಿಂದ ಇದ್ದವರು. ಎಲ್ಲಕ್ಕೂ ಮಿಗಿಲಾಗಿ ಕ್ಲಬ್ಬಿನ ಹುಟ್ಟಿನಿಂದ ಅದರ ಮುಖವೇ ಆಗಿದ್ದ ನಾಯಕ ಸುನಿಲ್ ಛೇತ್ರಿ. ಇವರ ಜೊತೆಗೆ ಮಣಿಪುರದ ಹುಡುಗರು, ತಮಿಳುನಾಡಿನ ತರುಣ ಶಿವಶಕ್ತಿ ನಾರಾಯಣನ್. ಊರಿನ ಮಕ್ಕಳು ತಂಡದಲ್ಲಿ ಎಷ್ಟು ಮಂದಿ ಎಂದು ಹಳಬರು ಕೇಳುವುದುಂಟು. ಆದರೆ ನೌಕರಿಗೆಂದು ನಾಲ್ಕು ದಿಕ್ಕಿನಿಂದ ಬಂದು ನೆಲೆಸಿದವರಿಂದಲೇ ಬೆಳೆದ ನಗರಕ್ಕೆ ಇದಕ್ಕಿಂತ ಹೊಂದುವ ತಂಡ ಯಾವುದಿದ್ದೀತು? ಗ್ಯಾಲರಿಯಲ್ಲಿ ನಿಂತವರೂ ಹಾಗೆಯೇ. ಬಸವನಗುಡಿಯ ಹುಡುಗನ ಪಕ್ಕದಲ್ಲಿ ಇಂಫಾಲದ ವಿದ್ಯಾರ್ಥಿ, ಅವನ ಪಕ್ಕದಲ್ಲಿ ಕಾಕ್ಸ್ ಟೌನಿನ ನಿವೃತ್ತ ನೌಕರ. ಒಬ್ಬರ ಮನೆಮಾತು ಇನ್ನೊಬ್ಬರಿಗೆ ಬಾರದು. ಗೋಲು ಬಿದ್ದಾಗ ಮಾತ್ರ ಎಲ್ಲರ ಮಾತೂ ಒಂದೇ.

ಋತುವಿನ ಆರಂಭ ಜೇನಿನಂತಿತ್ತು. 1888ರಲ್ಲಿ ಮೊದಲಾದ ಡ್ಯೂರಾಂಡ್ ಕಪ್ಪು ಬೆಂಗಳೂರಿಗೆ ಅದುವರೆಗೆ ದಕ್ಕಿರಲಿಲ್ಲ. ಸೆಪ್ಟೆಂಬರ್ 18ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮುಂಬಯಿ ಸಿಟಿ ತಂಡವನ್ನು 2-1ರಿಂದ ಸೋಲಿಸಿ ಬಿ.ಎಫ್.ಸಿ. ಆ ಕಪ್ಪನ್ನೆತ್ತಿತು. ಅಕ್ಟೋಬರ್ 8ರಂದು ಕಂಠೀರವದಲ್ಲಿ ಲೀಗಿನ ಮೊದಲ ಪಂದ್ಯ. ಎದುರಾಳಿ ಗುವಾಹಟಿಯ ನಾರ್ತ್‌ಈಸ್ಟ್ ತಂಡ. ಎರಡೂವರೆ ವರ್ಷಗಳ ಮೇಲೆ ಮತ್ತೆ ಡೋಲು ಬಡಿಯಿತು. ಗೋಲಿಲ್ಲದೆ ಆಟ ಮುಗಿಯುವುದೆನ್ನುವ ಹೊತ್ತಿಗೆ ಅಲನ್ ಕೋಸ್ಟಾ ಗೋಲು ಹೊಡೆದರು. ಜನ ಮರಳಿ ಬಂದಿದ್ದರು, ಗೆಲುವೂ ಬಂದಿತು. ಈ ವರ್ಷ ತಮ್ಮದೇ ಎಂದು ಗ್ಯಾಲರಿಯವರು ಲೆಕ್ಕ ಹಾಕಿದರು.

ಎಂಟು ಸೋಲು

ಲೆಕ್ಕ ಬಹುಬೇಗ ತಪ್ಪಿತು. ಚೆನ್ನೈಯಲ್ಲಿ ಸಮ, ಹೈದರಾಬಾದಿನಲ್ಲಿ ಸೋಲು, ಒಡಿಶಾದೆದುರು ಸೋಲು. ನವೆಂಬರ್ 11ರಂದು ಕಂಠೀರವಕ್ಕೆ ಬಂದ ಈಸ್ಟ್ ಬೆಂಗಾಲ್ ಒಂದು ಗೋಲಿನಿಂದ ಗೆದ್ದಿತು. ಆ ಗೋಲನ್ನು ಹೊಡೆದವರು ಹಿಂದಿನ ಎರಡು ಋತುಗಳಲ್ಲಿ ಬೆಂಗಳೂರಿನ ಅಂಗಿಯನ್ನೇ ತೊಟ್ಟಿದ್ದ ಬ್ರೆಜಿಲ್ಲಿನ ಕ್ಲೇಟನ್ ಸಿಲ್ವ. ಮನೆಯ ಅನ್ನ ಉಂಡವನೇ ಮನೆಯ ಬಾಗಿಲು ಮುರಿದಂತಾಯಿತು. ವಾರ ಕಳೆಯುವುದರೊಳಗೆ ಮುಂಬಯಿಯಲ್ಲಿ ನಾಲ್ಕು ಗೋಲುಗಳ ಸೋಲು. ಎರಡು ತಿಂಗಳ ಹಿಂದೆ ಕಲ್ಕತ್ತೆಯಲ್ಲಿ ಯಾರನ್ನು ಸೋಲಿಸಿ ಕಪ್ಪನ್ನೆತ್ತಿದ್ದರೋ ಅವರದೇ ಕೈಯಲ್ಲಿ ಈ ಪೆಟ್ಟು.

ನವೆಂಬರ್ ಕೊನೆಯಲ್ಲಿ ಗೋವೆಯಲ್ಲಿ ಹಾವಿ ಹೆರ್ನಾಂಡೆಸರ ಎರಡು ಗೋಲುಗಳಿಂದ ಒಂದು ಗೆಲುವು ಬಂದು ಆಸೆ ಚಿಗುರಿತು. ಮರುವಾರವೇ ಮೋಹನ್ ಬಗಾನ್ ಕಂಠೀರವಕ್ಕೆ ಬಂದು ಅದನ್ನು ಚಿವುಟಿ ಹೋಯಿತು. ಡಿಸೆಂಬರ್ 11ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು 3-2ರ ಸೋಲು. ಅವೇ ದಿನಗಳಲ್ಲಿ ಕತಾರಿನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಜಗತ್ತೆಲ್ಲ ಮೆಸ್ಸಿಯ ಆಟಕ್ಕೆ ಮರುಳಾಗಿದ್ದಾಗ ಬೆಂಗಳೂರಿನ ಅಭಿಮಾನಿಗೆ ಅಂಕಪಟ್ಟಿಯ ಕೆಳಭಾಗದ ಚಿಂತೆ.

ಇಂತಹ ಕಾಲದಲ್ಲಿಯೇ ಅಭಿಮಾನಿಯ ಬಗೆ ತಿಳಿಯುವುದು. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಿನಲ್ಲೂ ಇದ್ದಾರೆ. ಸೋತೆತ್ತಿನ ಹಗ್ಗ ಹಿಡಿದು ಮನೆಗೆ ನಡೆಸಿಕೊಂಡು ಹೋಗುವವರು ಕೆಲವರೇ. ಪಂದ್ಯ ಸೋತ ರಾತ್ರಿ ನೀಲಿ ಅಂಗಿಯಲ್ಲಿ ಮನೆಗೆ ಹೊರಟವನನ್ನು ಈ ಊರಿನಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. "ಏನ್ ಸಾರ್, ಇವತ್ತೂ ಹೋಯ್ತಾ?" ಎಂದು ಆಟೋದವರು ಕೇಳುತ್ತಾರೆ. "ಹೋಯ್ತಣ್ಣ" ಎನ್ನುವುದಲ್ಲದೆ ಬೇರೆ ಉತ್ತರವಿಲ್ಲ. ಮನೆಯಲ್ಲಿ ಊಟಕ್ಕೆ ಬಡಿಸುವಾಗ ತಾಯಿ ಮಾತೆತ್ತುವುದಿಲ್ಲ. ಮುಖ ನೋಡಿದರೇ ಸಾಕು, ಫಲಿತಾಂಶ ಅಲ್ಲಿ ಅಚ್ಚಾಗಿರುತ್ತದೆ. ಬೆಳಗ್ಗೆ ಕಚೇರಿಗೆ ಹೋದರೆ ಅಲ್ಲಿಯೂ ಹಂಗಿನ ಮಾತು ತಪ್ಪುವುದಿಲ್ಲ. ಬಂಗಾಳದವರಿಗೂ ಕೇರಳದವರಿಗೂ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಎದುರಾಳಿಯ ಅಭಿಮಾನಿ ಬಹುತೇಕ ಪಕ್ಕದ ಮೇಜಿನಲ್ಲಿಯೇ ಕುಳಿತಿರುತ್ತಾನೆ.

ವರ್ಷದ ಕೊನೆ ಇನ್ನೂ ಕಹಿಯಾಗಿತ್ತು. ಡಿಸೆಂಬರ್ 23ರಂದು ಹೈದರಾಬಾದ್ ತಂಡ ಕಂಠೀರವದಲ್ಲಿ 3-0ರಿಂದ ಗೆದ್ದಿತು. 29ರ ರಾತ್ರಿ ಬ್ರೆಜಿಲ್ಲಿನಲ್ಲಿ ಪೆಲೆ ತೀರಿಕೊಂಡರು. ಗೌತಮಪುರದ ಬೀದಿಯಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ತಲೆಮಾರುಗಳಿಂದ ಕಾಲ್ಚೆಂಡಿನಲ್ಲೇ ಬೆಳೆದ ಆ ಬಡಾವಣೆಗೆ ಇದು ಮನೆಯ ಹಿರಿಯನ ಸಾವು. ಮರುದಿನ, 30ರಂದು, ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲಿನೊಡನೆ ಪಂದ್ಯ 1-1ರ ಸಮದಲ್ಲಿ ಮುಗಿಯುವಂತಿತ್ತು. ಹೆಚ್ಚುವರಿಯಾಗಿ ಕೊಟ್ಟ ನಿಮಿಷಗಳಲ್ಲಿ ಅದೇ ಕ್ಲೇಟನ್ ಸಿಲ್ವ ಫ್ರೀ ಕಿಕ್ಕಿನಿಂದ ಗೋಲು ಹೊಡೆದರು. 12 ಪಂದ್ಯಗಳಲ್ಲಿ ಅದು ಎಂಟನೆಯ ಸೋಲು. ಕೈಯಲ್ಲಿದ್ದುದು 10 ಅಂಕ. ಉಳಿದಿದ್ದುವು ಎಂಟು ಪಂದ್ಯಗಳು.

ಎಂಟು ಗೆಲುವು

ಲೀಗಿನ ಮೊದಲ ಆರು ಸ್ಥಾನದವರಿಗೆ ಮಾತ್ರ ಮುಂದಿನ ಸುತ್ತು. 10 ಅಂಕದ ತಂಡ ಅಲ್ಲಿಗೆ ಏರುವುದೆಂದರೆ ಬಾವಿಯ ತಳದಿಂದ ಚಂದ್ರನನ್ನು ನೋಡಿದಂತೆ. ಜನವರಿ 6ರಂದು ಗುವಾಹಟಿಯಲ್ಲಿ 2-1ರ ಗೆಲುವು ಬಂದಾಗ ಯಾರೂ ಹೆಚ್ಚು ಗಮನಿಸಲಿಲ್ಲ. ನಾರ್ತ್‌ಈಸ್ಟ್ ತಂಡ ಆ ವರ್ಷ ಎಲ್ಲರಿಗೂ ಸೋಲುತ್ತಿತ್ತು. ಕಂಠೀರವದಲ್ಲಿ ಒಡಿಶಾದೆದುರು 3-1 ಆಯಿತು. ಜಮ್‌ಷೆಡ್‌ಪುರದಲ್ಲಿ 3-0. ಮನೆಯಂಗಳದಲ್ಲಿ ಚೆನ್ನೈಯಿನ್ ಎದುರು 3-1. ಪೆನ್ಸಿಲಿನಿಂದ ಅಂಕಗಳನ್ನು ಕೂಡಿಸಿ ನೋಡುವ ಹಳೆಯ ಚಾಳಿ ಅಭಿಮಾನಿಗಳಿಗೆ ಮರಳಿತು. ಇವರು ಗೆದ್ದು ಅವರು ಸೋತರೆ, ಅವರು ಗೆದ್ದು ಮತ್ತೊಬ್ಬರೊಡನೆ ಸಮವಾದರೆ - ಹೀಗೆ ಆಣೆಪೈಸೆಯ ಲೆಕ್ಕ.

ಏನಾಗಿತ್ತು ತಂಡಕ್ಕೆ? ಮಂತ್ರವೇನೂ ಇರಲಿಲ್ಲ. ತರಬೇತುದಾರರು ಯುವಕ ಶಿವಶಕ್ತಿಯನ್ನು ಮುಂದಿನ ಸಾಲಿನಲ್ಲಿ ನಂಬಿ ನಿಲ್ಲಿಸಿದರು. ಭಾರತಕ್ಕೆ ಅತಿ ಹೆಚ್ಚು ಗೋಲು ಹೊಡೆದ ಛೇತ್ರಿ, 38ರ ವಯಸ್ಸಿನಲ್ಲಿ, ಅನೇಕ ಪಂದ್ಯಗಳಲ್ಲಿ ಹೊರಗೆ ಬೆಂಚಿನ ಮೇಲೆ ಕುಳಿತು ತನ್ನ ಸರದಿಗೆ ಕಾದರು. ಕ್ಲಬ್ಬಿಗೆ ಮುಖವಾಗಿದ್ದವನು ಹೊರಗೆ ಕುಳಿತು ಕಿರಿಯನಿಗೆ ದಾರಿ ಬಿಟ್ಟುಕೊಟ್ಟದ್ದನ್ನು ಪಶ್ಚಿಮದ ಗ್ಯಾಲರಿ ಕಂಡಿತು. ಕಾಯುವ ಪಾಠವನ್ನು ಅದು ನಾಯಕನಿಂದಲೇ ಕಲಿಯಿತು.

ಫೆಬ್ರವರಿ 5ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ 2-1ರಿಂದ ಸೋತಿತು. 11ರಂದು ಕೇರಳ ಬ್ಲಾಸ್ಟರ್ಸ್ ಕಂಠೀರವಕ್ಕೆ ಬಂದಾಗ ರಾಯ್ ಕೃಷ್ಣರ ಒಂದೇ ಗೋಲು ಸಾಕಾಯಿತು. 15ರಂದು ಬಂದ ಮುಂಬಯಿ ಸಿಟಿ ಆ ಋತುವಿನ ಲೀಗಿನಲ್ಲಿ ಅದುವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಅಗ್ರಸ್ಥಾನ ಆಗಲೇ ಅದರದಾಗಿತ್ತು. ಛೇತ್ರಿ ಒಂದು, ಹಾವಿ ಒಂದು, ಪಂದ್ಯ 2-1. ನವೆಂಬರಿನ ನಾಲ್ಕು ಗೋಲುಗಳ ನೋವಿಗೆ ಆ ಸಂಜೆ ಮುಲಾಮು ಹಚ್ಚಿತು. 23ರಂದು ಗೋವೆಯನ್ನು 3-1ರಿಂದ ಸೋಲಿಸಿದಾಗ ಸತತ ಎಂಟು ಗೆಲುವುಗಳಾದುವು. ಎಂಟು ಸೋಲಿನ ತಂಡ ಎಂಟು ಗೆಲುವಿನಿಂದ 34 ಅಂಕಗಳಿಗೇರಿ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಜೂಜಿನವನೂ ಹೂಡಲಂಜುವ ಪಣವನ್ನು ಗ್ಯಾಲರಿಯವರು ಬರಿಯ ನಿಷ್ಠೆಯಿಂದ ಗೆದ್ದಿದ್ದರು.

ಮಾರ್ಚ್ ತಿಂಗಳ ರಾತ್ರಿಗಳು

ಮಾರ್ಚ್ 3ರ ಶುಕ್ರವಾರ ಮತ್ತೆ ಕೇರಳ ಬ್ಲಾಸ್ಟರ್ಸ್. ಸೋತವರಿಗೆ ಋತು ಮುಗಿಯುವ ಪಂದ್ಯ. ತೊಂಬತ್ತು ನಿಮಿಷಗಳಲ್ಲಿ ಗೋಲಾಗಲಿಲ್ಲ. ಹೆಚ್ಚುವರಿ ಕಾಲದ ಆರಂಭದಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ, ಗೋಲ್‌ಕೀಪರ್ ಸ್ಥಾನಕ್ಕೆ ಮರಳುವ ಮೊದಲೇ ಛೇತ್ರಿ ಚೆಂಡನ್ನು ಬಲೆಗೆ ಹೊಡೆದುಬಿಟ್ಟರು. ರೆಫರಿ ಗೋಲೆಂದು ತೀರ್ಪಿತ್ತರು. ಸೀಟಿಗೆ ಕಾಯಬೇಕಾಗಿತ್ತೆಂದು ಕೇರಳದವರು ವಾದಿಸಿದರು. ಅವರ ತರಬೇತುದಾರ ಇವಾನ್ ವುಕೊಮನೊವಿಚ್ ಆಟಗಾರರನ್ನೆಲ್ಲ ಮೈದಾನದಿಂದ ಹೊರಕ್ಕೆ ಕರೆದೊಯ್ದರು, ತಂಡ ಮರಳಲಿಲ್ಲ. ಗೆಲುವು ಬೆಂಗಳೂರಿನದೆಂದು ಘೋಷಿಸಲಾಯಿತು. ಮುಂದೆ ಒಕ್ಕೂಟವು ಕೇರಳ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ವಿಧಿಸಿತು. ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧ ಬಿದ್ದಿತು. ನ್ಯಾಯ ಯಾರ ಕಡೆಗಿತ್ತೆಂಬ ಚರ್ಚೆ ಎರಡೂ ಊರುಗಳ ಅಭಿಮಾನಿಗಳ ನಡುವೆ ಇನ್ನೂ ಆರಿಲ್ಲ. ಆ ರಾತ್ರಿ ಕಂಠೀರವದಲ್ಲಿದ್ದವರಿಗೆ ಮಾತ್ರ ಹರ್ಷಪಡಬೇಕೋ ಕಾಯಬೇಕೋ ಎಂಬುದೇ ಬಹಳ ಹೊತ್ತು ತಿಳಿಯಲಿಲ್ಲ. ಗೆಲುವು ಬಂದರೂ ಅದು ಬಂದ ಬಗೆಯಲ್ಲಿ ಒಂದು ಹರಳು ಉಳಿಯಿತು.

ಮರುದಿನ, ಮಾರ್ಚ್ 4ರಂದು, ಹರಳಿಲ್ಲದ ಸಂತೋಷವೊಂದು ಬಹುದೂರದಿಂದ ಬಂದಿತು. ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 54 ವರ್ಷಗಳ ಮೇಲೆ ಬಂದ ಆ ಕಪ್ಪು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಮೊದಲನೆಯದು. 1969ರಲ್ಲಿ ಶಾಲೆಯ ಹುಡುಗರಾಗಿದ್ದವರು ಅಜ್ಜಂದಿರಾಗಿ ಆ ಸುದ್ದಿಯನ್ನು ಕೇಳಿದರು.

ಉಪಾಂತ್ಯದಲ್ಲಿ ಮತ್ತೆ ಮುಂಬಯಿ ಸಿಟಿ. ಅಲ್ಲಿ ಮಾರ್ಚ್ 7ರಂದು ಬದಲಿ ಆಟಗಾರನಾಗಿ ಇಳಿದ ಛೇತ್ರಿ ತಲೆಯಿಂದ ಹೊಡೆದ ಗೋಲಿನಿಂದ 1-0. ಇಲ್ಲಿ 12ರಂದು ಮುಂಬಯಿ 2-1ರಿಂದ ಗೆದ್ದು ಒಟ್ಟು ಲೆಕ್ಕ ಸಮವಾಯಿತು. ಪೆನಾಲ್ಟಿಗಳಿಂದಲೇ ತೀರ್ಮಾನವಾಗಬೇಕಾಯಿತು. ಮೊದಲ ಎಂಟು ಸುತ್ತುಗಳಲ್ಲಿ ಎರಡು ಕಡೆಯವರಲ್ಲಿ ಒಬ್ಬರೂ ತಪ್ಪಲಿಲ್ಲ. ಇಪ್ಪತ್ತು ಸಾವಿರ ಜನ ಕೂರಬಲ್ಲ ಕ್ರೀಡಾಂಗಣದಲ್ಲಿ ಕೆಲವರು ಮೈದಾನಕ್ಕೆ ಬೆನ್ನು ಮಾಡಿ ನಿಂತು, ಪಕ್ಕದವರ ಮುಖದಿಂದಲೇ ಫಲಿತಾಂಶವನ್ನು ಓದುತ್ತಾರೆ. ಪೆನಾಲ್ಟಿಯ ಹೊತ್ತಿನ ಹಳೆಯ ಅಭ್ಯಾಸವದು. ಒಂಬತ್ತನೆಯ ಸುತ್ತಿನಲ್ಲಿ ಗುರ್‌ಪ್ರೀತ್ ಮುಂಬಯಿಯ ಹೊಡೆತವನ್ನು ತಡೆದರು. ಸಂದೇಶ್ ಝಿಂಗನ್ ಮುಂದೆ ಬಂದು ಚೆಂಡನ್ನು ಬಲೆಗೆ ಸೇರಿಸಿದರು. 9-8. ಬತ್ತಿದ ಕೆರೆಯಂಗಳ ಆ ರಾತ್ರಿ ಕೋಡಿ ಹರಿಯಿತು.

ಫತೋರ್ಡಾದ ಹಾದಿ

ಅಂತಿಮ ಪಂದ್ಯ ಮಾರ್ಚ್ 18ರ ಶನಿವಾರ, ಫತೋರ್ಡಾದಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ಒಂದು ರಾತ್ರಿಯ ಪ್ರಯಾಣ. ತುಮಕೂರು, ಚಿತ್ರದುರ್ಗ, ದಾವಣಗೆರೆ ಕತ್ತಲಿನಲ್ಲಿ ಹಿಂದೆ ಸರಿಯುತ್ತವೆ. ಹುಬ್ಬಳ್ಳಿ ದಾಟಿದ ಮೇಲೆ ಬಯಲು ಮುಗಿದು ಕಾಡು ತೊಡಗುತ್ತದೆ. ಘಟ್ಟದ ತಿರುವುಗಳಲ್ಲಿ ಬೆಳಗಾಗುತ್ತದೆ. ಇಳಿದರೆ ತೆಂಗು, ಕೆಂಪು ಮಣ್ಣು, ಉಪ್ಪಿನ ಗಾಳಿ. 2014ರಲ್ಲಿ ಮೊದಲ ಪಟ್ಟವನ್ನು ಕೊಟ್ಟ ಊರದು. ನೀಲಿ ಅಂಗಿಯವರಿಗೆ ಅದೊಂದು ಶುಭಶಕುನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಎದುರಾಳಿ ಎ.ಟಿ.ಕೆ. ಮೋಹನ್ ಬಗಾನ್. 14ನೆಯ ನಿಮಿಷದಲ್ಲಿ ಆಸ್ಟ್ರೇಲಿಯದ ಪೆಟ್ರಾಟೋಸ್ ಪೆನಾಲ್ಟಿಯಿಂದ ಗೋಲು ಹೊಡೆದರು. ವಿರಾಮಕ್ಕೆ ಮೊದಲು ಛೇತ್ರಿ ಪೆನಾಲ್ಟಿಯಿಂದಲೇ ಉತ್ತರ ಕೊಟ್ಟರು. 78ನೆಯ ನಿಮಿಷದಲ್ಲಿ ರಾಯ್ ಕೃಷ್ಣ ತಲೆಯಿಂದ ಹೊಡೆದ ಗೋಲು ಬೆಂಗಳೂರನ್ನು ಮುಂದಕ್ಕೆ ತಂದಿತು. ಹಿಂದಿನ ವರ್ಷದವರೆಗೆ ಅವರು ಬಗಾನಿನ ಆಟಗಾರ. ನವೆಂಬರಿನಲ್ಲಿ ಕ್ಲೇಟನ್ ಕೊಟ್ಟ ಪೆಟ್ಟನ್ನು ಈಗ ಇನ್ನೊಬ್ಬರು ಅನುಭವಿಸುವ ಸರದಿ. ಇನ್ನು ಹನ್ನೆರಡು ನಿಮಿಷ ಕಳೆದರೆ ಕಪ್ಪು. ಏಳೇ ನಿಮಿಷ ಕಳೆಯಿತು. 85ರಲ್ಲಿ ಬಗಾನಿಗೆ ಮತ್ತೊಂದು ಪೆನಾಲ್ಟಿ, ಮತ್ತೆ ಪೆಟ್ರಾಟೋಸ್. 2-2. ಹೆಚ್ಚುವರಿ ಕಾಲವೂ ಸರಿದು ಪೆನಾಲ್ಟಿಗಳ ಸರದಿ ಬಂದಿತು. ಬ್ರೂನೋ ರಾಮಿರೆಸರ ಹೊಡೆತವನ್ನು ಬಗಾನಿನ ವಿಶಾಲ್ ಕೈತ್ ತಡೆದರು. ಪಾಬ್ಲೊ ಪೆರೆಸ್ ಹೊಡೆದುದು ಕಂಬದ ಮೇಲೆ ಹಾರಿ ಆಕಾಶಕ್ಕೆ ಹೋಯಿತು. 4-3ರಿಂದ ಕಪ್ಪು ಕಲ್ಕತ್ತೆಗೆ. ಆರು ದಿನಗಳ ಹಿಂದೆ ಕೊಟ್ಟ ಕೈಯೇ ಕಿತ್ತುಕೊಂಡಿತು.

ಕೈಗೆ ಬಂದ ತುತ್ತು ಬಾಯಿಗೆ ಬಾರದ ನೋವನ್ನು ಹೊತ್ತು ಅದೇ ಘಟ್ಟವನ್ನು ಹತ್ತಿ ಮರಳಬೇಕು. ಹೋಗುವಾಗ ಹಾಡಿದ ಬಸ್ಸು ಬರುವಾಗ ಮಲಗುತ್ತದೆ. ಮಲಗಿದವರಿಗೆ ನಿದ್ರೆ ಬರುವುದಿಲ್ಲ.

ನಾಲ್ಕು ದಿನ ಕಳೆದು, ಮಾರ್ಚ್ 22ರಂದು, ಯುಗಾದಿ. ಶುಭಕೃತು ಸಂವತ್ಸರ ಮುಗಿದು ಶೋಭಕೃತು ಕಾಲಿಟ್ಟಿತು. ಆ ವರ್ಷ ನೀಲಿ ಗ್ಯಾಲರಿಯವರ ಮನೆಗಳಲ್ಲಿ ಬೇವು-ಬೆಲ್ಲದ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಬೇವಿನ ಪಾಲು ಇನ್ನೂ ಸ್ವಲ್ಪ ಉಳಿದಿತ್ತು. ಏಪ್ರಿಲ್ 25ರಂದು ಕಲ್ಲಿಕೋಟೆಯಲ್ಲಿ ಸೂಪರ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಒಡಿಶಾ 2-1ರಿಂದ ಗೆದ್ದಿತು. ಒಂದೇ ಋತುವಿನಲ್ಲಿ ಮೂರು ಅಂತಿಮ ಪಂದ್ಯ. ಕೈಗೆ ಬಂದುದು ಒಂದು ಕಪ್ಪು.

ಋತುವೇ ಇಲ್ಲದಿದ್ದರೆ

ಆಮೇಲಿನ ವರ್ಷಗಳು ಚಕ್ರ ತಿರುಗುವುದನ್ನು ನಿಲ್ಲಿಸಲಿಲ್ಲ. 2023-24ರಲ್ಲಿ ತಂಡ 12ರಲ್ಲಿ ಹತ್ತನೆಯದಾಯಿತು; ಎಂಟು ಗೆಲುವಿನ ಪವಾಡ ಎರಡನೆಯ ಸಲ ನಡೆಯಲಿಲ್ಲ. 2025ರ ಏಪ್ರಿಲ್ 12ರಂದು ಮತ್ತೆ ಅಂತಿಮ ಪಂದ್ಯ, ಮತ್ತೆ ಮೋಹನ್ ಬಗಾನ್, ಮತ್ತೆ ಹೆಚ್ಚುವರಿ ಕಾಲ, ಮತ್ತೆ 2-1ರ ಸೋಲು.

ಆದರೆ ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಮೈದಾನದ ಹೊರಗಿನಿಂದ ಬಂದಿತು. 2025ರ ಜುಲೈನಲ್ಲಿ, ಲೀಗನ್ನು ನಡೆಸುವ ಕರಾರಿನ ನವೀಕರಣ ಇತ್ಯರ್ಥವಾಗದೆ, ಹೊಸ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬಿ.ಎಫ್.ಸಿ. ತನ್ನ ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮಹಾಮಾರಿಯ ವರ್ಷಗಳಲ್ಲಿ ಆಟವಿತ್ತು, ಗ್ಯಾಲರಿಯಿರಲಿಲ್ಲ. ಈಗ ಗ್ಯಾಲರಿಯ ಜನ ಸಿದ್ಧರಿದ್ದರು, ಆಟದ ದಿನವೇ ಗೊತ್ತಿರಲಿಲ್ಲ.

ಆ ತಿಂಗಳುಗಳಲ್ಲಿ 2022ರ ನವೆಂಬರಿನ ಸೋಲುಗಳಿಗೂ ಒಂದು ಬೆಲೆ ಬಂದಿತು. ಈಸ್ಟ್ ಬೆಂಗಾಲಿಗೆ ಸೋತು, ಆಟೋದವರ ಪ್ರಶ್ನೆಗೆ ತಲೆ ತಗ್ಗಿಸಿ, ಮುಂದಿನ ಶನಿವಾರಕ್ಕೆ ಮತ್ತೆ ಟಿಕೀಟು ಕೊಂಡ ದಿನಗಳೂ ಭಾಗ್ಯದ ದಿನಗಳೇ ಆಗಿದ್ದುವೆಂದು ತೋರಿತು. ಸೋಲಲು ಒಂದು ತಂಡ ಬೇಕು. ತಂಡಕ್ಕೆ ಒಂದು ಅಂಗಳ ಬೇಕು. ಅಂಗಳದಲ್ಲಿ ಆ ಸೋಲನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಒಬ್ಬ ಬೇಕು. ಅಹಮದ್ ಖಾನರ ಕಾಲದ ಬೆಂಗಳೂರಿಗೆ ಆಟಗಾರರಿದ್ದೂ ಇದು ಇರಲಿಲ್ಲ.

ಬೆಂಗಳೂರಿಗೆ ಬರುವ ಪರಸ್ಥಳದವರು ಕಬ್ಬನ್ ಉದ್ಯಾನವನ್ನೂ ವಿಧಾನಸೌಧವನ್ನೂ ನೋಡದೆ ಹೋಗುವುದಿಲ್ಲ. ಅಲ್ಲಿಂದ ಕಂಠೀರವಕ್ಕೆ ಕಾಲ್ನಡಿಗೆಯ ದಾರಿ. ಪಂದ್ಯವಿರುವ ಸಂಜೆಯಾದರೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿಯುವ ನೀಲಿ ಅಂಗಿಗಳ ಹಿಂದೆ ನಡೆದರೆ ಸಾಕು, ದಾರಿ ಕೇಳಬೇಕಾಗಿಲ್ಲ. ಪಶ್ಚಿಮದ ಗ್ಯಾಲರಿಯಲ್ಲಿ ಕುಳಿತು ನೋಡುವ ಆಸೆಯನ್ನು ಮಾತ್ರ ಬಿಡಬೇಕು. ಅಲ್ಲಿ ಎಲ್ಲರೂ ನಿಂತಿರುತ್ತಾರೆ.